ಅಳತೆಯವರಿಗೆ ಬೆಲ್ಲ ನೀರು

ನನ್ನ ಕಾರಿನಲ್ಲಿ ಇರುವೆಗಳು ಸಂಸಾರ ಹೂಡಿವೆ ಎಂದು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ ಸುಮತಿ. ಕಳೆದ ಭಾನುವಾರ ಉಪ್ಪಿನಂಗಡಿಯಲ್ಲಿ ಒಂದು ಮದುವೆಗೆ ಹೋಗುತ್ತಿದ್ದೆವು. ಪುತ್ತೂರು ಪೇಟೆ ದಾಟುವಷ್ಟರಲ್ಲಿ ಎರಡು ಕೆಂಪಿರುವೆಗಳು ಅವಳ ರೇಷ್ಮೆ ಸೀರೆಯೊಳಗೆ ನುಗ್ಗಿದವು. ಅವಳು ಕೂತಲ್ಲೇ ನೆಟ್ಟಗೆ ಎದ್ದು ನಿಲ್ಲಲು ಹೋಗಿ ಕಾರಿನ ಮಾಡಿಗೆ ತಲೆ ಹೊಡೆಸಿಕೊಂಡಳು. "ಇದು ಕಾರಾ, ಇರುವೆ ಗೂಡಾ?" ಎಂದು ಕೇಳಿದಳು. ಮದುವೆ ಮನೆಯಲ್ಲಿ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದಳು.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದಳು. ಅದರಲ್ಲಿ ಅವಧಿ ಮುಗಿದ ಇನ್ಶೂರೆನ್ಸ್ ಕಾಗದ, ಹೊತ್ತದ ಟಾರ್ಚು, ಹಿತ್ತಾಳೆಯ ಎರಡು ತೂಕದ ಬಟ್ಟು ಇದ್ದವು. ಎಲ್ಲಕ್ಕಿಂತ ಕೆಳಗೆ ಅಂಗೈಯಷ್ಟು ಅಗಲದ ಕಪ್ಪು ಅಂಟು ಮುದ್ದೆ ಇತ್ತು. ಇರುವೆಗಳ ಮದುವೆಯೂಟ ಅಲ್ಲೇ ನಡೆಯುತ್ತಿತ್ತು.

"ಎಂತ ಇದು?"

"ಬೆಲ್ಲ" ಅಂದೆ.

"ಬೆಲ್ಲವಾ! ನಿಮಗೆ ಶುಗರ್ ಉಂಟಲ್ಲ? ಮನೆಯಲ್ಲಿ ಚಾಕ್ಕೆ ಸಕ್ಕರೆ ಬೇಡ ಅಂತ ಋಷಿಯ ಹಾಗೆ ಕೂತು, ಕಾರಿನಲ್ಲಿ ಕದ್ದು ಬೆಲ್ಲ ತಿನ್ನುದಾ?"

ಹೌದು ಎಂದು ತಲೆ ತಗ್ಗಿಸಿದೆ. ನಾನು ಒಂದು ತುಣುಕೂ ತಿಂದಿರಲಿಲ್ಲ. ತಿನ್ನದೆ ಇದ್ದದ್ದೇ ನನ್ನ ತಪ್ಪಿನ ಒಂದು ಭಾಗ. ಆದರೂ ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ಸುಲಭ ನೋಡಿ, ಎರಡು ಬೈಗುಳಕ್ಕೆ ಮುಗಿಯುತ್ತದೆ. ಮಾಡಿದ್ದನ್ನು ಹೇಳಲು ಮಾತ್ರ ನಾಲಗೆ ಏಳುವುದಿಲ್ಲ. ಅವಳು ಒಳಗೆ ಹೋದ ಮೇಲೆ ಆ ಮುದ್ದೆಯನ್ನು ಮೆಲ್ಲನೆ ಕಿತ್ತೆ. ಅದರ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಅಂಟಿಕೊಂಡಿತ್ತು. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಐದು ತಿಂಗಳಿಂದ ಗೊತ್ತಿತ್ತು.

ಇದನ್ನು ಸುಮತಿಗೆ ಹೇಳುವ ಮೊದಲು ನಿಮಗೆ ಹೇಳುತ್ತಿದ್ದೇನೆ. ನೀವಾದರೆ ಎದ್ದು ಬೈಯಲು ಎದುರಿಗಿಲ್ಲ.

ನನ್ನ ಕೆಲಸ ತೂಕದ ಮೆಷಿನ್ ರಿಪೇರಿ. ಪುತ್ತೂರಿನಲ್ಲಿ ಒಂದು ಕೋಣೆಯ ಅಂಗಡಿ ಇದೆ. ಅಡಿಕೆ ವ್ಯಾಪಾರಿಗಳದ್ದು, ರಬ್ಬರ್ ಶೀಟಿನವರದ್ದು, ಮೀನಿನವರದ್ದು ಎಂದು ಸುಳ್ಯ, ಕಡಬ, ಕಾಣಿಯೂರು ಕಡೆಗೆಲ್ಲ ವಾರವಿಡೀ ತಿರುಗುತ್ತೇನೆ. ಅಂಗಡಿಯ ಬೋರ್ಡಿನಲ್ಲಿ "ತೂಕ ಮತ್ತು ಅಳತೆ ಸಾಧನಗಳ ರಿಪೇರಿ" ಎಂದಿದೆ. ನಾನು ತೂಕ ಎಂದಷ್ಟೇ ಬರೆಯಲು ಹೇಳಿದ್ದೆ. ಬೋರ್ಡು ಬರೆಯುವವನು ಜಾಗ ಉಳಿಯುತ್ತದೆ ಎಂದು ಅಳತೆಯನ್ನೂ ಸೇರಿಸಿದ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಅಳತೆಯ ಸಾಧನ ನನ್ನ ಮೇಜಿಗೆ ರಿಪೇರಿಗೆ ಬಂದಿಲ್ಲ. ಲೀಟರಿನ ಪಾತ್ರೆ ಕೆಡುವುದಾದರೂ ಹೇಗೆ? ಈ ಅಳತೆ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಗುರುವಾರ ಮಾತ್ರ ನಾನು ಹೆದ್ದಾರಿ ಹಿಡಿಯಬೇಕು. ಆ ಹೆದ್ದಾರಿಯಲ್ಲೊಂದು ಟೋಲ್‌ಗೇಟು. ಎಲ್ಲಿ ಎಂದು ಕೇಳಬೇಡಿ. ಗೇಟು ಎಲ್ಲಿ ಎಂದರೆ ಅದನ್ನು ತಪ್ಪಿಸುವ ಒಳದಾರಿ ಎಲ್ಲಿ ಎಂದೂ ಹೇಳಿದಂತಾಗುತ್ತದೆ, ನಾಳೆ ನೀವೂ ಆ ದಾರಿಯಲ್ಲಿ ಬರುತ್ತೀರಿ. ಒಮ್ಮೆ ಹೇಳಿ ಆಗಿರುವ ಹಾಳು ಸಾಕು.

ನಾನು ಟೋಲ್ ಕೊಡದೆ ಇದ್ದದ್ದು ಹಣಕ್ಕಾಗಿ ಅಲ್ಲ, ತತ್ವಕ್ಕಾಗಿ. ಹೀಗೆಂದು ಹೋಟೆಲುಗಳಲ್ಲಿ ಹೇಳುತ್ತಿದ್ದೆ. "ಕಾರು ತೆಗೆಯುವಾಗ ರಸ್ತೆ ತೆರಿಗೆ ಕಟ್ಟಿದ್ದೇವೆ. ಪೆಟ್ರೋಲಿನಲ್ಲಿ ದಿನಾ ಕಟ್ಟುತ್ತೇವೆ. ಇನ್ನು ನಡುದಾರಿಯಲ್ಲಿ ಕಂಬ ಅಡ್ಡ ಹಾಕಿ ಕೇಳಿದರೆ ಕೊಡುವುದಾ?" ಎಂದು ನಾನು ಗುಡುಗಿದರೆ ಪಕ್ಕದ ಮೇಜಿನವರು ಗೋಳಿಬಜೆ ಬಿಟ್ಟು ತಲೆಯಾಡಿಸುತ್ತಿದ್ದರು. ಒಳದಾರಿಯಲ್ಲಿ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಪೆಟ್ರೋಲೂ ಹೆಚ್ಚು. ಎರಡು ಸಲ ಶಾಕಬ್ಸರ್ ಹೋಯಿತು. ಆ ತತ್ವವನ್ನು ಉಳಿಸಿಕೊಳ್ಳಲು ನನಗೆ ಬಿದ್ದ ಖರ್ಚಿನಲ್ಲಿ ಟೋಲ್‌ಗೇಟಿನವರಿಗೇ ಮದುವೆಯೂಟ ಹಾಕಿಸಬಹುದಿತ್ತು ಎಂದು ಸುಮತಿ ಹೇಳುತ್ತಾಳೆ.

ಶಾಕಬ್ಸರ್ ಎರಡನೆಯ ಸಲ ಹೋದ ಮೇಲೆ ನಾನೊಂದು ಉಪಾಯ ಮಾಡಿದೆ. ಹೊಂಡಗಳನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುವುದು. "ಹಲಸಿನ ಮರ, ಎಡಕ್ಕೆ ಹಿಡಿ. ಮೋರಿಯ ಹತ್ತಿರ ನಿಧಾನ. ಶಾಲೆಯ ಬಳಿ ಎರಡು ಹೊಂಡ, ನಡುವೆ ಒಂದು ಚಕ್ರ ಹೋಗುತ್ತದೆ." ಕೆಲವು ಹೊಂಡಗಳ ಆಳ ಕಾರಿನಲ್ಲಿ ಕೂತರೆ ತಿಳಿಯುವುದಿಲ್ಲ. ಹಾಗಾಗಿ ಒಂದು ಗುರುವಾರ ಮೋರಿಯ ಬಳಿ ಇಳಿದೆ. ಅದು ತೋಡಿನ ನೀರು ರಸ್ತೆಯ ಅಡಿಯಿಂದ ದಾಟಲು ಕಟ್ಟಿದ ಸಣ್ಣ ಹಳೆಯ ಮೋರಿ. ನಾನು ಕೋಲೊಂದನ್ನು ಹೊಂಡಕ್ಕೆ ಇಳಿಸಿ ನೋಡುತ್ತಿದ್ದೆ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ಡೈರಿ, ಹಿಂದೆ ಬಿಳಿ ಕಾರು.

"ಎಷ್ಟು ಆಳ ಉಂಟು ಸರ್?"

ತಲೆ ಎತ್ತಿ ನೋಡಿದರೆ ಮೋರಿಯ ಪಕ್ಕದ ಮನೆಯ ಅಂಗಳದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಕೈಯಲ್ಲಿ ಹಸಿಹುಲ್ಲಿನ ಕಟ್ಟು. ಅವರ ಹೆಸರು ಗಿರಿಜಕ್ಕ ಎಂದು ಆಮೇಲೆ ತಿಳಿಯಿತು.

"ಮುಕ್ಕಾಲು ಅಡಿ" ಅಂದೆ.

"ಬರ್ಕೊಳ್ಳಿ ಸರ್, ಸರಿ ಬರ್ಕೊಳ್ಳಿ. ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಇಳಿದು ನೋಡಿದ್ರಲ್ಲ. ನೀವು ಯಾವ ಆಫೀಸು?"

ಟೋಲ್ ತಪ್ಪಿಸಿಕೊಂಡು ಹೋಗುವವನು ಎಂದು ಹೇಗೆ ಹೇಳಲಿ? ಆ ಕ್ಷಣಕ್ಕೆ ನನ್ನ ಬೋರ್ಡು ನೆನಪಾಯಿತು. "ನನ್ನದು ಅಳತೆಯ ಕೆಲಸ" ಎಂದುಬಿಟ್ಟೆ. ತೂಕ ಎಂದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ನಮ್ಮ ಕಡೆ ಅಳತೆಯವರು ಎಂದರೆ ಜಾಗ, ರಸ್ತೆ ಅಳೆಯಲು ಸರಕಾರದಿಂದ ಬರುವವರು. ಅವರು ಬಂದು ಹೋದರೆಂದರೆ ಏನೋ ಆಗಲಿದೆ ಎಂದೇ ಅರ್ಥ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ.

ಗಿರಿಜಕ್ಕನ ಮುಖ ಅರಳಿತು. ಹುಲ್ಲಿನ ಕಟ್ಟನ್ನು ಹಟ್ಟಿಯಲ್ಲಿದ್ದ ಎರಡು ದನಗಳ ಎದುರು ಹಾಕಿ, ಒಳಗೆ ಹೋಗಿ, ಒಂದು ಚೊಂಬು ನೀರು ಮತ್ತು ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದರು. ದೂರದಿಂದ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮಲ್ಲಿ ಇರುವುದೇ. ನೀರು ಕುಡಿದೆ. ಬೆಲ್ಲವನ್ನು, ನನಗೆ ಶುಗರ್ ಎಂದು ಹೇಳಲು ಸಂಕೋಚವಾಗಿ, ಆಮೇಲೆ ತಿನ್ನುವವನಂತೆ ಕೈಯಲ್ಲೇ ಹಿಡಿದು ಕಾರು ಹತ್ತಿದೆ. ಅದು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಸೇರಿತು. ಮುಂದಿನ ಗುರುವಾರವೂ ಗಿರಿಜಕ್ಕ ಕಾರಿನ ಸದ್ದು ಕೇಳಿ ಚೊಂಬು ಹಿಡಿದು ನಿಂತಿದ್ದರು. ಅದರ ಮುಂದಿನದ್ದರಲ್ಲೂ.

ಇಲ್ಲಿ ನನ್ನ ಅಜ್ಜಿಯ ನೆನಪಾಗುತ್ತದೆ. ಆಗುವುದು ಬೇಡವಿತ್ತು. ನಾನು ಹುಟ್ಟಿದ್ದು ಸುಳ್ಯದ ಕಡೆಯ ಹಳ್ಳಿಯಲ್ಲಿ. ಶಾಲೆಗೆ ಹೋಗಬೇಕಾದರೆ ನಾಲ್ಕು ಮನೆಯವರ ಜಾಗ ದಾಟಬೇಕು. ಪ್ರತಿ ಬೇಲಿಗೂ ಒಂದು ತಡಮೆ, ಅಂದರೆ ಎರಡು ಗೂಟಗಳ ನಡುವೆ ಅಡ್ಡ ತೂರಿಸಿದ ಬಿದಿರಿನ ಗಳಗಳು. ಗಳ ಸರಿಸಿ ದಾಟಿ ಮತ್ತೆ ಅದನ್ನು ಮೊದಲಿನಂತೆಯೇ ತೂರಿಸಿ ಹೋಗಬೇಕು. ಹಾಕದೆ ಹೋದರೆ ದನ ನುಗ್ಗುತ್ತದೆ. ನಾನು ಒಮ್ಮೆ ಅವಸರದಲ್ಲಿ ಹಾಕದೆ ಓಡಿದ್ದೆ. ಸಂಜೆ ಅಜ್ಜಿ ನನ್ನನ್ನು ಕೈಹಿಡಿದು ಆ ಮನೆಗೆ ಕರೆದೊಯ್ದು, ದನ ತಿಂದ ಬಸಳೆಯ ಚಪ್ಪರದ ಎದುರು ನಿಲ್ಲಿಸಿ, ಅರೆಭಾಷೆಯಲ್ಲಿ "ತೆಗ್ದಂವನೇ ಹಾಕೊಕು" ಎಂದಳು. ತೆಗೆದವನೇ ಹಾಕಬೇಕು, ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಆ ಮನೆಯವರು ನನಗೆ ಬಾಳೆಹಣ್ಣು ಕೊಟ್ಟರು. ಆ ಹಣ್ಣನ್ನು ನುಂಗಲು ಪಟ್ಟ ಪಾಡು ಇನ್ನೂ ನೆನಪಿದೆ.

ಮೇ ತಿಂಗಳ ಒಂದು ಗುರುವಾರ ಆ ಒಳದಾರಿಯಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ನಿಂತಿದ್ದರು. ಮಳೆಗೆ ಮೊದಲು ಅವರವರ ಮನೆಯ ಎದುರಿನ ಕಣಿಯನ್ನು, ಅಂದರೆ ರಸ್ತೆ ಬದಿಯ ಚರಂಡಿಯನ್ನು, ಅವರವರೇ ಬಿಡಿಸಬೇಕು. ಆ ರಸ್ತೆಯನ್ನು ನೋಡಿಕೊಳ್ಳುವ ಕ್ರಮವೇ ಅದು. ಹೊಂಡಗಳಿಗೆ ಒಡೆದ ಹಂಚು, ಕೆಂಪುಕಲ್ಲಿನ ಚೂರು ತುಂಬಿಸುವುದೂ ಅವರೇ. ಹಾರೆ ಹಿಡಿದವರು, ಬುಟ್ಟಿ ಹೊತ್ತವರು ದಾರಿಗೆ ಅಡ್ಡ ಇದ್ದರು. ಕಡಬದಲ್ಲಿ ಅಡಿಕೆಯವರು ಕಾಯುತ್ತಿದ್ದಾರೆ ಎಂದು ನಾನು ಹಾರ್ನ್ ಹೊಡೆದೆ. ಒಂದು ಸಲ ಅಲ್ಲ, ಮೂರು ಸಲ. ಗಿರಿಜಕ್ಕ ಬುಟ್ಟಿ ಕೆಳಗಿಟ್ಟು, "ಅಳತೆಯ ಸರ್ ಬಂದ್ರು, ಬಿಡಿ ಬಿಡಿ" ಎಂದು ಎಲ್ಲರನ್ನೂ ಬದಿಗೆ ಸರಿಸಿದರು. ಒಬ್ಬರು ಮುಂಡಾಸು ಬಿಚ್ಚಿ ನಮಸ್ಕಾರ ಮಾಡಿದರು. ನಾನು ಗಾಜು ಇಳಿಸಿ ಕೈ ಎತ್ತಿದೆ. ಅಧಿಕಾರಿಗಳು ಎತ್ತುವ ಹಾಗೆಯೇ ಎತ್ತಿದೆ, ಅದಕ್ಕೆ ಅಭ್ಯಾಸ ಬೇಕಾಗಲಿಲ್ಲ. ಅವರು ತುಂಬಿಸಿದ ಹಂಚಿನ ಚೂರುಗಳ ಮೇಲೆ ನನ್ನ ಕಾರು ಕುಲುಕದೆ ಸಾಗಿತು.

ಇಷ್ಟಕ್ಕೇ ನಿಂತಿದ್ದರೆ ನನ್ನ ಮುಖ ಇಷ್ಟು ಕಪ್ಪಾಗುತ್ತಿರಲಿಲ್ಲ. ನನ್ನ ಗಿರಾಕಿಗಳದ್ದೊಂದು ವಾಟ್ಸ್ಯಾಪ್ ಗುಂಪಿದೆ. ಅದರಲ್ಲಿ ಯಾರೋ ಟೋಲ್ ಹೆಚ್ಚಾಯಿತೆಂದು ಗೊಣಗಿದರು. ಉಪಕಾರ ಮಾಡುವ ಹುಮ್ಮಸ್ಸು ನನಗೆ ಎಲ್ಲಿಂದಲೋ ಬಂತು. ಡೈರಿ ತೆರೆದು, ಹಲಸಿನ ಮರದಿಂದ ಹಿಡಿದು ಶಾಲೆಯ ಎರಡು ಹೊಂಡದವರೆಗೆ ಇಡೀ ದಾರಿಯನ್ನು ನನ್ನ ಸ್ವರದಲ್ಲೇ ಹೇಳಿ ಕಳಿಸಿದೆ. ಹತ್ತಾರು ಹೆಬ್ಬೆರಳುಗಳು ಬಂದವು. ಅವರು ಅದನ್ನು ಬೇರೆ ಗುಂಪಿಗೆ ದಾಟಿಸಿದರು, ಅವರು ಮತ್ತೊಂದಕ್ಕೆ. ವಾರ ಕಳೆಯುವುದರೊಳಗೆ ಆ ಒಳದಾರಿಯಲ್ಲಿ ಕೆಂಪುಕಲ್ಲಿನ ಲಾರಿಗಳು ಓಡತೊಡಗಿದವು. ಸುಳ್ಯದ ಹೋಟೆಲೊಂದರಲ್ಲಿ ಗುರುತಿಲ್ಲದ ಡ್ರೈವರನೊಬ್ಬ ನನ್ನ ಸ್ವರವನ್ನು ನನ್ನ ಎದುರೇ ಹಾಕಿ ಕೇಳುತ್ತಿದ್ದ. "ಮೋರಿಯ ಹತ್ತಿರ ನಿಧಾನ" ಎಂದು ನಾನು ಹೇಳುವುದು ಸ್ಪಷ್ಟವಾಗಿ ಕೇಳಿಸಿತು. ಅವತ್ತು ನನಗೆ ಹೆಮ್ಮೆಯಾಗಿತ್ತು.

ಮೋರಿಯ ಹತ್ತಿರ ಲಾರಿಗಳು ನಿಧಾನ ಮಾಡಿರಲಿಕ್ಕಿಲ್ಲ. ಜೂನ್ ತಿಂಗಳ ಮಳೆಗೆ ಅದರ ಒಂದು ಬದಿ ಕುಸಿಯಿತು. ಲಾರಿಗಳು ಬಂದ ಹಾಗೆಯೇ ಹೆದ್ದಾರಿಗೆ ಮರಳಿದವು. ನನ್ನ ಸಣ್ಣ ಕಾರು ಮಾತ್ರ ಒಂದು ಬದಿಯಿಂದ ಹೇಗೋ ದಾಟುತ್ತಿತ್ತು. ಜುಲೈ ಕೊನೆಗೆ, ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಗುರುವಾರ ಗಿರಿಜಕ್ಕ ಕೊಡೆ ಹಿಡಿದು ರಸ್ತೆಯಲ್ಲೇ ಕಾದಿದ್ದರು. ಇನ್ನೊಂದು ಕೈಯಲ್ಲಿ ಬೆಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ.

"ಸರ್, ನೀರು ತರ್ಲಿಕ್ಕೆ ಆಗ್ಲಿಲ್ಲ, ಮಳೆ ನೋಡಿ. ಇದು ಅರ್ಜಿ. ಹನ್ನೊಂದು ಮನೆಯವರ ಸಹಿ ಉಂಟು. ಸೊಸೈಟಿಯ ಹಾಲಿನ ಪಿಕಪ್ ಈಗ ಮೋರಿ ದಾಟುದಿಲ್ಲ. ನಾನು ಹಾಲಿನ ಕ್ಯಾನು ತಲೆಯಲ್ಲಿ ಹೊತ್ತು ಮೇನ್ ರೋಡಿನವರೆಗೆ ಹೋಗುದು. ಎರಡು ದನದ ಹಾಲು, ಎರಡು ಸಲ ಹೋಗ್ಬೇಕು. ಒಂದು ಸಲ ಜಾರಿ ಬಿದ್ದೆ ಕೂಡ. ನೀವು ಅಳತೆ ತೆಗ್ದವರಲ್ಲ, ನಿಮ್ಮ ಕೈಯಿಂದ ಹೋದ್ರೆ ಬೇಗ ಆಗ್ತದೆ."

ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಮಳೆಯ ಸದ್ದಿನಲ್ಲಿ ಹೇಳಿದ್ದರೆ ಅರ್ಧ ಕೇಳಿಸದೆಯೂ ಹೋಗುತ್ತಿತ್ತು. ನಾನು "ನೋಡುವಾ" ಅಂದೆ. ನೋಡುವಾ! ಈ ಮಾತನ್ನು ನನಗೆ ಯಾವ ಕಚೇರಿಯ ಕಿಟಕಿಯಲ್ಲಿ ಯಾರು ಹೇಳಿದರೂ ನಾನು ಮನೆಗೆ ಬಂದು ಒಂದು ವಾರ ಬೈಯುತ್ತಿದ್ದೆ. ಅರ್ಜಿಯನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಹಾಕಿ, ಅದರ ಮೇಲೆ ಅವತ್ತಿನ ಬೆಲ್ಲವನ್ನೂ ಇಟ್ಟು ಮುಚ್ಚಿದೆ.

ಅಂದಿನಿಂದ ನಾನು ಟೋಲ್ ಕೊಡತೊಡಗಿದೆ. ಗಿರಿಜಕ್ಕನ ಮುಖ ನೋಡುವುದನ್ನು ತಪ್ಪಿಸಲು ಬೇರೆ ದಾರಿ ಇರಲಿಲ್ಲ. ಗೇಟಿನಲ್ಲಿ ಫಾಸ್ಟ್ಯಾಗ್ ಬೀಪ್ ಎಂದರೆ ಕಂಬ ಏಳುತ್ತದೆ. ಯಾರೂ ಯಾವ ಆಫೀಸು ಎಂದು ಕೇಳುವುದಿಲ್ಲ, ಯಾರೂ ಬೆಲ್ಲ ಕೊಡುವುದಿಲ್ಲ. ಆ ರಸ್ತೆಯನ್ನು ಅದುವರೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಕಿತ್ತಳೆ ಬಣ್ಣದ ಅಂಗಿ ಹಾಕಿದವರು ನಡುವಿನ ಗಿಡಗಳ ತಲೆ ಕತ್ತರಿಸುತ್ತಾರೆ, ಬಿಳಿ ಗೀಟಿಗೆ ಮತ್ತೆ ಬಣ್ಣ ಬಳಿಯುತ್ತಾರೆ. ಒಂದು ಹೊಂಡ ಬಿದ್ದರೆ ಸುತ್ತ ಕೋನುಗಳನ್ನಿಟ್ಟು ಚೌಕವಾಗಿ ಕತ್ತರಿಸಿ ಡಾಂಬರು ತುಂಬಿಸುತ್ತಾರೆ. ನನ್ನ ಸೊಂಟ ನೋವು ಕಡಿಮೆಯಾಯಿತು. ಹೋಟೆಲಿನವರು ತತ್ವ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಸಮಯ ಉಳಿಯುತ್ತದೆ ಎಂದೆ. ಒಳದಾರಿಯ ತಿರುವು ಬಂದಾಗ ಮಾತ್ರ ಕತ್ತು ಬಲಕ್ಕೆ ತಿರುಗಿಸಿ, ನೋಡಲು ಏನೂ ಇಲ್ಲದ ಗುಡ್ಡವನ್ನು ನೋಡುತ್ತಿದ್ದೆ.

ಅರ್ಜಿಯನ್ನು ಪಂಚಾಯತಿಗೆ ಒಯ್ದು ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಪ್ರತಿ ಗುರುವಾರ ಕೇಳಿಕೊಂಡಿದ್ದೇನೆ. ಒಯ್ದರೆ ನೀವು ಯಾರು ಎನ್ನುತ್ತಾರೆ. ನಿಮಗೆ ಏಕೆ ಕೊಟ್ಟರು ಎನ್ನುತ್ತಾರೆ. ಅದಕ್ಕೆ ಉತ್ತರ ಹುಡುಕುತ್ತ ಮಳೆಗಾಲ ಮುಗಿಯಿತು, ದೀಪಾವಳಿಯೂ ಕಳೆಯಿತು.

ಭಾನುವಾರ ಸಂಜೆ ಆ ಕಾಗದವನ್ನು ಬಿಡಿಸಲು ನೋಡಿದೆ. ಪ್ಲಾಸ್ಟಿಕ್ಕನ್ನು ನಾನೇ ಯಾವಾಗಲೋ ತೆಗೆದಿದ್ದೆ. ಬೆಲ್ಲ ಕರಗಿ ನಾಲ್ಕೂ ಮಡಿಕೆ ಒಂದಾಗಿತ್ತು, ಇರುವೆಗಳು ಅಕ್ಷರಗಳನ್ನು ಸಹ ಬಿಟ್ಟಿರಲಿಲ್ಲ. "ಮಾನ್ಯರೇ" ಎಂಬುದು ಉಳಿದಿತ್ತು. ಕೆಳಗೆ ಎರಡು ಮೂರು ಸಹಿಗಳ ಬಾಲ, ಒಂದು ಹೆಬ್ಬೆಟ್ಟು. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ತಿಳಿದಿದ್ದೆ. ಹಾಗಲ್ಲ, ಅದು ಬಸಳೆ ಚಪ್ಪರದ ಮನೆಯವರು ಕೊಟ್ಟ ಆ ಬಾಳೆಹಣ್ಣು.

ಮರುದಿನ ಸೋಮವಾರ, ಗುರುವಾರವನ್ನು ಕಾಯದೆ ಹೊರಟೆ. ಕಾರನ್ನು ಮೋರಿಗಿಂತ ಈಚೆ ನಿಲ್ಲಿಸಿ ನಡೆದೆ. ಕುಸಿದ ಬದಿಗೆ ಊರವರು ತೆಂಗಿನ ಮರದ ತುಂಡು ಅಡ್ಡ ಹಾಕಿ ಕಲ್ಲು ತುಂಬಿಸಿದ್ದರು. ನಡೆಯಬಹುದು, ಬೈಕು ಹೋಗಬಹುದು. ಗಿರಿಜಕ್ಕ ಅಂಗಳದಲ್ಲಿ ಅಡಿಕೆ ಹಾಳೆ ಒಣಹಾಕುತ್ತಿದ್ದರು. ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡರು.

"ಬಂದ್ರಾ ಸರ್! ಆರೋಗ್ಯ ಸರಿ ಇರ್ಲಿಲ್ವಾ? ಟ್ರಾನ್ಸ್‌ಫರ್ ಆಯ್ತೋ ಅಂತ ನಾವು ಮಾತಾಡ್ಕೊಂಡೆವು. ಪಂಚಾಯತ್ ಮೆಂಬರ್ ಕೂಡ ಕೇಳಿದ್ರು, ಅರ್ಜಿ ಕೊಡಿ ಅಂತ. ನಮ್ಮದು ಅಳತೆಯ ಇಂಜಿನಿಯರ್ ಹತ್ತಿರವೇ ಹೋಗಿದೆ, ಎರಡೆರಡು ಕಡೆ ಕೊಟ್ರೆ ಅವ್ರಿಗೆ ಬೇಜಾರಾಗ್ತದೆ ಅಂತ ನಾನೇ ಬೇಡ ಅಂದೆ."

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ತೂಕದ ಮೆಷಿನ್, ಟೋಲು, ಡೈರಿ, ವಾಟ್ಸ್ಯಾಪು, ಲಾರಿಗಳು ಬಂದದ್ದು ನನ್ನಿಂದ ಎಂಬುದು, ಅರ್ಜಿ ಏನಾಯಿತು ಎಂಬುದು. ನನ್ನ ಶುಗರನ್ನೂ ತಿನ್ನದೆ ಉಳಿಸಿದ ಬೆಲ್ಲವನ್ನೂ ಬಿಡಲಿಲ್ಲ. ಕಿಸೆಯಿಂದ ಆ ಕಾಗದದ ಮುದ್ದೆ ತೆಗೆದು ತೋರಿಸಿದೆ. ಅವರು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಹೆಬ್ಬೆಟ್ಟಿನ ಗುರುತನ್ನು ಬೆರಳಿನಿಂದ ಮುಟ್ಟಿ, "ಇದು ನಮ್ಮ ಅತ್ತೆಯದ್ದು" ಅಂದರು.

"ಇನ್ನೊಂದು ನಾನೇ ಬರೆದು, ನಾನೇ ಓಡಾಡಿ ಕೊಡ್ತೇನೆ ಗಿರಿಜಕ್ಕ."

"ಬೇಡ. ಬರೀಲಿಕ್ಕೆ ನಮಗೆ ಬರ್ತದೆ."

ಸರ್ ಎಂಬುದು ಬಿಟ್ಟುಹೋಗಿತ್ತು. ಅವರು ಒಳಗೆ ಹೋದರು. ಇನ್ನು ಬರಲಿಕ್ಕಿಲ್ಲ ಎಂದುಕೊಂಡು ಅಂಗಳದ ಬದಿಯಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿದೆ. ಹಾಗೆ ತಿರುಗುವಾಗ ಹಟ್ಟಿ ಕಣ್ಣಿಗೆ ಬಿತ್ತು. ಒಂದು ದನ ಮೆಲುಕು ಹಾಕುತ್ತಿತ್ತು. ಪಕ್ಕದ ಗೂಟಕ್ಕೆ ಸುತ್ತಿದ ಹಗ್ಗ ಖಾಲಿ ಇತ್ತು, ಅದರ ಬುಡದ ಸೆಗಣಿ ಒಣಗಿ ಎಷ್ಟೋ ದಿನವಾಗಿತ್ತು.

ಗಿರಿಜಕ್ಕ ಹೊರಗೆ ಬಂದರು. ಕೈಯಲ್ಲಿ ಚೊಂಬು ಇತ್ತು, ತಟ್ಟೆ ಇರಲಿಲ್ಲ. ನಾನು ಹಟ್ಟಿಯನ್ನು ನೋಡುತ್ತಿದ್ದುದನ್ನು ಅವರು ನೋಡಿದರು.

"ಎರಡು ಸಲ ಹೊರ್ಲಿಕ್ಕೆ ಆಗ್ಲಿಲ್ಲ. ಮಾರಿದೆ" ಅಂದರು. ಆಮೇಲೆ ಚೊಂಬನ್ನು ನನ್ನ ಕೈಗೆ ಕೊಟ್ಟರು. "ಶುಗರ್ ಉಂಟು ಅಂತ ಅವತ್ತೇ ಹೇಳ್ಬಾರ್ದಿತ್ತಾ ಮಾರಾಯ್ರೆ? ಮಜ್ಜಿಗೆ ಕೊಡ್ತಿದ್ದೆ. ಆಗ ಎರಡು ದನ ಇತ್ತು."

ನಾನು ನೀರು ಕುಡಿದೆ.